ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳುವ ಮುನ್ನ: ಆರ್‌ಸಿಯಿಂದ ಗಾಡಿಯ ತಳದವರೆಗೆ

ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ಎಂಬುದು ನಮ್ಮ ದೇಶದ ತೆರಿಗೆ ಲೆಕ್ಕಾಚಾರದಿಂದ ಹುಟ್ಟಿದ ಗಾಡಿ. ಉದ್ದ 4000 ಮಿ.ಮೀ. ಮೀರಬಾರದು, ಪೆಟ್ರೋಲ್ ಇಂಜಿನ್ 1200 ಸಿಸಿ ಅಥವಾ ಡೀಸೆಲ್ ಇಂಜಿನ್ 1500 ಸಿಸಿ ದಾಟಬಾರದು. ಹಾಗಿದ್ದರೆ ತೆರಿಗೆ ಕಡಿಮೆ. ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ300, ಮ್ಯಾಗ್ನೈಟ್, ಕೈಗರ್ ಎಲ್ಲವೂ 3990 ಮಿ.ಮೀ. ಆಸುಪಾಸಿನಲ್ಲೇ ನಿಂತಿರುವುದು ಅದಕ್ಕೇ. ಥಾರ್, ಜಿಮ್ನಿ, ಬೊಲೆರೊ ತರದ ಕೆಲವನ್ನು ಬಿಟ್ಟರೆ ಉಳಿದವು ಮುಂದಿನ ಚಕ್ರಗಳ ಬಲದಲ್ಲಿ ಓಡುವ, ಸ್ವಲ್ಪ ಎತ್ತರಕ್ಕೆ ನಿಲ್ಲಿಸಿದ ಹ್ಯಾಚ್‌ಬ್ಯಾಕ್‌ಗಳು.

ಆದರೆ ಮೊದಲ ಮಾಲೀಕರು ಹೆಚ್ಚಿನ ಸಲ ಅದನ್ನು ಜೀಪೆಂದು ನಂಬಿ ಓಡಿಸಿರುತ್ತಾರೆ. ಹಂಪ್ ಬಂದರೆ ಬ್ರೇಕ್ ಒತ್ತುವುದಿಲ್ಲ, ಗುಂಡಿ ಬಂದರೆ ಪಕ್ಕಕ್ಕೆ ಎಳೆಯುವುದಿಲ್ಲ, ಮಳೆಗಾಲದಲ್ಲಿ ತೋಟದ ದಾರಿಗೂ ಇಳಿಸುತ್ತಾರೆ. ಮೇಲೆ ಪಾಲಿಶ್ ಹೊಡೆದು ನಿಲ್ಲಿಸಿದ ಗಾಡಿಯ ನಿಜ ಬಣ್ಣ ಗೊತ್ತಾಗುವುದು ಎರಡೇ ಜಾಗದಲ್ಲಿ: ಕಾಗದಪತ್ರದಲ್ಲಿ ಮತ್ತು ಗಾಡಿಯ ತಳದಲ್ಲಿ. ಈ ಮಾರ್ಗದರ್ಶಿಯ ಹೆಚ್ಚು ಮಾತು ಅವೆರಡರ ಬಗ್ಗೆಯೇ.

ಬೆಲೆಯನ್ನು ಇವತ್ತಿನ ಶೋರೂಮಿನಿಂದ ಅಳೆಯಿರಿ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಕ್ಕೆ ಮೊದಲು ಸೆಸ್ ಸೇರಿ ಈ ಗಾತ್ರದ ಪೆಟ್ರೋಲ್ ಗಾಡಿಗೆ ಶೇ 29, ಡೀಸೆಲ್‌ಗೆ ಶೇ 31 ಇತ್ತು. ಹಳೆ ಗಾಡಿ ಮಾರುವವರು "ಆನ್‌ರೋಡ್ ಹನ್ನೆರಡು ಲಕ್ಷ ಕೊಟ್ಟಿದ್ದೆ" ಎಂದು ಶುರು ಮಾಡುತ್ತಾರೆ. ಅವರು ಕೊಟ್ಟದ್ದು ನಿಮಗೆ ಮುಖ್ಯವಲ್ಲ. ಅದೇ ವೇರಿಯಂಟ್, ಅಥವಾ ಅದಕ್ಕೆ ಹತ್ತಿರದ್ದು, ಇವತ್ತು ಶೋರೂಮಿನಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬುದೇ ನಿಮ್ಮ ಅಳತೆಗೋಲು. ಎರಡು-ಮೂರು ವರ್ಷದ ಗಾಡಿಗೂ ಹೊಸದಕ್ಕೂ ಅಂತರ ತೀರ ಕಡಿಮೆಯಿದ್ದರೆ ಹೊಸದನ್ನೇ ಯೋಚಿಸಿ. ಹೊಸ ಗಾಡಿಗೆ ಸಾಲದ ಬಡ್ಡಿಯೂ ಸಾಮಾನ್ಯವಾಗಿ ಕಡಿಮೆ.

ಮಾರುತಿ ಬ್ರೆಝಾ ಈ ಲೆಕ್ಕಕ್ಕೆ ಸಿಗುವುದಿಲ್ಲ. ಉದ್ದ 3995 ಮಿ.ಮೀ. ಇದ್ದರೂ ಅದರ ಪೆಟ್ರೋಲ್ ಇಂಜಿನ್ 1462 ಸಿಸಿ. ಹಾಗಾಗಿ ಅದು ಶೇ 40ರ ಜಿಎಸ್‌ಟಿ ಪಟ್ಟಿಯಲ್ಲಿದೆ. ಹೊಸದರ ಬೆಲೆ ಉಳಿದವುಗಳಷ್ಟು ಇಳಿಯದ ಕಾರಣ ಹಳೆ ಬ್ರೆಝಾ ಮಾಲೀಕರು ಚೌಕಾಸಿಗೆ ಸುಲಭವಾಗಿ ಬಗ್ಗುವುದಿಲ್ಲ.

ಯಾವ ಗಾಡಿ, ಯಾವ ವರ್ಷ

ಮೊದಲು ಇಂಧನ ತೀರ್ಮಾನಿಸಿ. ಬೆಂಗಳೂರಿನಲ್ಲಿ ದಿನಕ್ಕೆ ಹತ್ತು-ಹದಿನೈದು ಕಿಲೋಮೀಟರ್ ಓಡಿಸುವವರಿಗೆ 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಬಿಗಿ ನಿಯಮ) ಡೀಸೆಲ್ ಬೇಡ. ಅದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಇಂಜಿನ್ ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ದೊಡ್ಡದು. ಹುಬ್ಬಳ್ಳಿ-ಬೆಂಗಳೂರು, ಮಂಗಳೂರು-ಬೆಂಗಳೂರು ಓಡಾಟ ಇರುವವರಿಗೆ ಅದೇ ಡೀಸೆಲ್ ಬಲು ಒಳ್ಳೆಯದು.

2016ರಿಂದ 2020ರ ಆರಂಭದವರೆಗಿನ ವಿಟಾರಾ ಬ್ರೆಝಾದಲ್ಲಿದ್ದದ್ದು 1.3 ಲೀಟರ್ ಡೀಸೆಲ್ ಇಂಜಿನ್. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಚೆನ್ನಾಗಿ ನೋಡಿಕೊಂಡ ಒಂದು ಸಿಕ್ಕರೆ ನನ್ನ ಮೊದಲ ಓಟು ಅದಕ್ಕೆ. ನೆಕ್ಸಾನ್ 2017ರಲ್ಲಿ ಬಂತು. 2018ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು ಅದು. ಎಕ್ಸ್‌ಯುವಿ300 2019ರ ಫೆಬ್ರುವರಿಯಲ್ಲಿ ಬಂತು, ಮರುವರ್ಷ ಅದಕ್ಕೂ ಐದು ಸ್ಟಾರ್ ಸಿಕ್ಕಿತು. ವೆನ್ಯೂ 2019ರ ಮೇ, ಸೋನೆಟ್ 2020ರ ಸೆಪ್ಟೆಂಬರ್. ಫೋರ್ಡ್ ಇಕೋಸ್ಪೋರ್ಟ್ ಓಡಿಸಲು ಮಜಾ ಕೊಡುವ ಗಾಡಿ, ಬೆಲೆಯೂ ಕಡಿಮೆ. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಕಂಪನಿ ಇಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು. ನಿಮ್ಮ ಊರಿನ ಹತ್ತಿರ ಅದರ ಸರ್ವಿಸ್ ಸೆಂಟರ್ ಇದ್ದರೆ ಮಾತ್ರ ಕೈ ಹಾಕಿ.

2021ಕ್ಕೆ ಹಿಂದಿನ ಬೇಸ್ ವೇರಿಯಂಟ್ ಯಾವುದೇ ಕಂಪನಿಯದ್ದಾದರೂ ಏರ್‌ಬ್ಯಾಗ್ ಎಷ್ಟಿದೆ ಎಂದು ಎಣಿಸಿ ನೋಡಿ.

ಗಾಡಿ ನೋಡಲು ಹೋಗುವ ಮುನ್ನ

ನೋಂದಣಿ ಸಂಖ್ಯೆ ಕೊಡಲು ಒಪ್ಪದವರ ಗಾಡಿ ನೋಡಲು ಹೋಗಬೇಡಿ. ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿ ದಿನಾಂಕ, ಇಂಧನ, ಎಷ್ಟನೇ ಮಾಲೀಕರು, ವಿಮೆ ಎಲ್ಲಿಯವರೆಗೆ ಇದೆ, ಸಾಲ ಇದೆಯೇ ಎಂಬುದು ಕಾಣುತ್ತದೆ. "ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ" ಎಂದ ಜಾಹೀರಾತಿನ ಗಾಡಿ ಅಲ್ಲಿ ಮೂರನೇ ಮಾಲೀಕರದ್ದು ಎಂದು ತೋರಿಸುವುದು ಅಪರೂಪವೇನಲ್ಲ. (ಜಾಹೀರಾತು ನಂಬಿದರೆ ನಮ್ಮ ರಾಜ್ಯದ ಡಾಕ್ಟರುಗಳು ವರ್ಷಕ್ಕೊಂದು ಗಾಡಿ ಮಾರುತ್ತಿರಬೇಕು.) ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಟ್ಯಾಕ್ಸಿಯೇ ಎಂಬುದನ್ನು ಆರ್‌ಸಿ ವಿವರದಲ್ಲಿ ನೋಡಿ, ಬಾಯಿಬಿಟ್ಟೂ ಕೇಳಿ. ಟ್ಯಾಕ್ಸಿಯಾಗಿ ಓಡಿದ ಗಾಡಿ ಕೆಟ್ಟದ್ದೇ ಎಂದೇನಿಲ್ಲ, ಆದರೆ ಅದರ ಬೆಲೆ ಬೇರೆ. ಬಾಕಿ ದಂಡ ಎಷ್ಟಿದೆ ಎಂಬುದನ್ನು ಟ್ರಾಫಿಕ್ ಪೊಲೀಸರ ವೆಬ್‌ಸೈಟ್‌ನಲ್ಲಿ ನೋಡಿ. ಬೆಂಗಳೂರಿನಲ್ಲಿ ಕ್ಯಾಮೆರಾಗಳು ಕೂಡಿಟ್ಟ ದಂಡ ಕೆಲವೊಮ್ಮೆ ಹತ್ತಾರು ಸಾವಿರ ದಾಟಿರುತ್ತದೆ. ಜತೆಗೆ ಅದು ಆ ಗಾಡಿ ಹೇಗೆ ಓಡಿದೆ ಎನ್ನುವುದರ ದಿನಚರಿಯೂ ಹೌದು: ಸಿಗ್ನಲ್ ಜಿಗಿದದ್ದು, ಅತಿವೇಗ, ಎಲ್ಲ ತಾರೀಖಿನ ಸಮೇತ.

ಮುಂದಿನದು ಸರ್ವಿಸ್ ಹಿಸ್ಟರಿ. ಅಧಿಕೃತ ಸರ್ವಿಸ್ ಸೆಂಟರ್‌ಗೆ ಮಾಲೀಕರಿಂದಲೇ ಫೋನ್ ಮಾಡಿಸಿ ಪೂರ್ತಿ ಪಟ್ಟಿ ತರಿಸಿಕೊಳ್ಳಿ. ಪ್ರತಿ ಸರ್ವಿಸ್‌ನ ದಿನಾಂಕ ಮತ್ತು ಕಿಲೋಮೀಟರ್ ಅಲ್ಲಿರುತ್ತದೆ. ಮೂರನೇ ವರ್ಷಕ್ಕೆ 58,000 ಇದ್ದ ಗಾಡಿ ಐದನೇ ವರ್ಷಕ್ಕೆ 49,000 ತೋರಿಸಿದರೆ ಮೀಟರ್ ತಿರುಗಿಸಿದ್ದಾರೆ ಎಂದೇ ಅರ್ಥ. ಮೂರನೇ ವರ್ಷದ ನಂತರ ದಾಖಲೆಯೇ ಇಲ್ಲದಿದ್ದರೆ ಅನುಮಾನ ಇಟ್ಟುಕೊಳ್ಳಿ. ಹೊರಗಡೆ ಗ್ಯಾರೇಜಿನಲ್ಲಿ ಮಾಡಿಸಿದ್ದೇವೆ ಎಂದರೆ ಬಿಲ್ ಕೇಳಿ.

ಅದೇ ಫೋನಿನಲ್ಲಿ ರೀಕಾಲ್ ಬಗ್ಗೆಯೂ ವಿಚಾರಿಸಿ. 2021ರ ಸೆಪ್ಟೆಂಬರ್‌ನಲ್ಲಿ ಮಾರುತಿ 1.81 ಲಕ್ಷ ಪೆಟ್ರೋಲ್ ಗಾಡಿಗಳನ್ನು ಮೋಟರ್ ಜನರೇಟರ್ ಘಟಕದ ತಪಾಸಣೆಗೆ ವಾಪಸ್ ಕರೆದಿತ್ತು. ವಿಟಾರಾ ಬ್ರೆಝಾ ಆ ಪಟ್ಟಿಯಲ್ಲಿತ್ತು. ಚಾಸಿ ಸಂಖ್ಯೆ ಕೊಟ್ಟರೆ ಆ ಕೆಲಸ ಆಗಿದೆಯೇ ಇಲ್ಲವೇ ಎಂದು ಹೇಳುತ್ತಾರೆ, ಆಗದಿದ್ದರೆ ಪುಕ್ಕಟೆ ಮಾಡಿಕೊಡುತ್ತಾರೆ.

ಕೊನೆಗೆ ವಿಮೆ ಪಾಲಿಸಿಯ ಫೋಟೊ ತರಿಸಿಕೊಳ್ಳಿ. ಅದರಲ್ಲಿ ನೋ ಕ್ಲೈಮ್ ಬೋನಸ್ ಎಷ್ಟಿದೆ ನೋಡಿ. ಕ್ಲೈಮ್ ಇಲ್ಲದ ಐದು ವರ್ಷ ಕಳೆದರೆ ಅದು ಶೇ 50ಕ್ಕೆ ಏರುತ್ತದೆ. ಆರನೇ ವರ್ಷದ ಪಾಲಿಸಿಯಲ್ಲಿ ಸೊನ್ನೆ ಇದ್ದರೆ ಕಳೆದ ವರ್ಷ ಕ್ಲೈಮ್ ಆಗಿರಬೇಕು ಅಥವಾ ಪಾಲಿಸಿ ತಪ್ಪಿಹೋಗಿರಬೇಕು. ಎರಡರಲ್ಲಿ ಯಾವುದು ಎಂದು ಕೇಳಿ ತಿಳಿಯಿರಿ. ಕ್ಲೈಮ್ ಮಾಡದೆ ಕೈಯಿಂದಲೇ ದುಡ್ಡು ಕೊಟ್ಟು ಟಿಂಕರಿಂಗ್ ಮಾಡಿಸಿದವರೂ ಇರುತ್ತಾರೆ, ಆದ್ದರಿಂದ ಶೇ 50 ಇದ್ದ ಮಾತ್ರಕ್ಕೆ ಗಾಡಿ ಎಲ್ಲೂ ಗುದ್ದಿಲ್ಲ ಎನ್ನುವಂತಿಲ್ಲ.

ದೆಹಲಿ ಗಾಡಿ ಅಗ್ಗ ಯಾಕೆ

ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ಕಡಿವಾಣ ಬಿದ್ದ ಮೇಲೆ ಅಲ್ಲಿನ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಹರಿದು ಬರುತ್ತಿವೆ. ಕೇಳಿದ ಬೆಲೆ ಆಸೆ ಹುಟ್ಟಿಸುತ್ತದೆ, ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಮೂಲ ಆರ್‌ಟಿಒದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಬೇಕು, ಅದು ಫಾರಂ 28. ಇಲ್ಲಿ ಮರುನೋಂದಣಿ ಮಾಡಿಸಬೇಕು. ಮುಖ್ಯವಾಗಿ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಹೊಸ ಗಾಡಿಗೆ ಆ ತೆರಿಗೆ ಐದು ಲಕ್ಷದವರೆಗೆ ಶೇ 13, ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಮೇಲೆ ಸೆಸ್. ಗಾಡಿಯ ವಯಸ್ಸಿಗೆ ತಕ್ಕಂತೆ ದರ ಇಳಿಯುತ್ತದೆ, ಆದರೂ ಮೊತ್ತ ಸಣ್ಣದಲ್ಲ. ಕೆಎ ನೋಂದಣಿಯ ಗಾಡಿಗೆ ಈ ತೆರಿಗೆ ಆಗಲೇ ಕಟ್ಟಿ ಮುಗಿದಿರುತ್ತದೆ. ರಾಜ್ಯದೊಳಗೆ ಹೆಸರು ಬದಲಾದರೆ ಮತ್ತೆ ಕಟ್ಟಬೇಕಿಲ್ಲ. ಹೊರರಾಜ್ಯದ ಗಾಡಿಯ ಬೆಲೆಗೆ ಈ ತೆರಿಗೆ ಮತ್ತು ಓಡಾಟದ ಖರ್ಚು ಕೂಡಿಸಿದ ಮೇಲೆ ಹೋಲಿಸಿ. ಹೆಚ್ಚಿನ ಸಲ ಅಗ್ಗ ಎಂದದ್ದು ಅಗ್ಗವಾಗಿ ಉಳಿಯುವುದಿಲ್ಲ. ರಾಜ್ಯದ ಅಕ್ಷರಗಳ ಬದಲು ಬಿಎಚ್ ಎಂದಿರುವ ದೇಶವ್ಯಾಪಿ ಸರಣಿಯ ಗಾಡಿಗೂ ಇದೇ ಎಚ್ಚರ ಬೇಕು. ಅದಕ್ಕೆ ಎರಡೆರಡು ವರ್ಷದ ತೆರಿಗೆಯಷ್ಟೇ ಕಟ್ಟಿರುತ್ತಾರೆ.

ಎದುರಿಗೆ ನಿಂತಾಗ

ಬೆಳಗ್ಗೆ, ಬಿಸಿಲಿನಲ್ಲಿ, ತೊಳೆಯದ ಗಾಡಿ ತೋರಿಸಲು ಹೇಳಿ. ಮಳೆಯಲ್ಲಿ ನೆನೆದ ಗಾಡಿಗೆ ಎಲ್ಲ ಬಣ್ಣವೂ ಚೆಂದ.

ಬಾನೆಟ್, ಮಡ್‌ಗಾರ್ಡ್, ಬಾಗಿಲಿನ ಹಿಂಜಿನ ಬೋಲ್ಟುಗಳ ತಲೆ ನೋಡಿ. ಸ್ಪ್ಯಾನರ್ ಬಿದ್ದಿದ್ದರೆ ಬಣ್ಣ ಕಿತ್ತಿರುತ್ತದೆ. ಮಡ್‌ಗಾರ್ಡ್ ಬದಲಾದರೆ ಗಾಬರಿ ಬೇಡ, ಬೆಂಗಳೂರಿನಲ್ಲಿ ಅದು ನೆಗಡಿ ಇದ್ದ ಹಾಗೆ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಕಂಬಗಳ ಮೇಲಿನ ದುಂಡಗಿನ ಸ್ಪಾಟ್ ವೆಲ್ಡ್ ಗುರುತುಗಳು ಸಮ ಅಂತರದಲ್ಲಿವೆಯೇ ನೋಡಿ. ಬಾನೆಟ್ ತೆರೆದು ಏಪ್ರನ್ (ಚಕ್ರದ ಮೇಲಿನ ಒಳಗೋಡೆ) ಮತ್ತು ಹೆಡ್‌ಲೈಟ್ ಹಿಂದಿನ ಅಡ್ಡಪಟ್ಟಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಳಿ ಪರೀಕ್ಷಿಸಿ. ಇಲ್ಲಿ ಸುತ್ತಿಗೆ ಏಟು, ಒರಟು ವೆಲ್ಡಿಂಗ್, ಹೊಸ ಸೀಲೆಂಟ್ ಕಂಡರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಗಾಜುಗಳ ಮೂಲೆಯಲ್ಲಿ ತಯಾರಿ ವರ್ಷದ ಗುರುತು ಇರುತ್ತದೆ. ಒಂದೇ ಪಕ್ಕದ ಗಾಜುಗಳು ಮಾತ್ರ ಬೇರೆ ವರ್ಷದ್ದಾದರೆ ಆ ಪಕ್ಕಕ್ಕೆ ಏನಾಯಿತು ಎಂದು ಕೇಳಿ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2321 ಎಂದರೆ 2021ರ 23ನೇ ವಾರ. ಮೂವತ್ತು ಸಾವಿರ ಓಡಿದೆ ಎನ್ನುವ 2020ರ ಗಾಡಿಗೆ 2023ರ ಟೈರು ಯಾಕೆ ಬಂತು ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಬೇಕು.

ನೀರಲ್ಲಿ ಮುಳುಗಿದ ಗಾಡಿ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ನೀರಿನಲ್ಲಿದ್ದವು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈನದ್ದೂ ಅದೇ ಕತೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿ, ಸೀಟಿನಡಿಯ ಸ್ಪ್ರಿಂಗ್, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸಿನ ತುಕ್ಕು ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಗಾಡಿಯೊಳಗೆ ಸೆಂಟಿನ ಘಮ ಅತಿಯಾಗಿದ್ದರೆ ಎರಡು ಸಲ ಮೂಸಿ.

ಈಗ ತಳ. ಹತ್ತಿರದ ವ್ಹೀಲ್ ಅಲೈನ್‌ಮೆಂಟ್ ಅಂಗಡಿಗೆ ಗಾಡಿ ಒಯ್ಯಿರಿ. ಲಿಫ್ಟ್ ಮೇಲೆ ಏರಿಸಿದಾಗ ಮುಂದಿನ ಸಬ್‌ಫ್ರೇಮ್, ಲೋವರ್ ಆರ್ಮ್, ಸ್ಟೀರಿಂಗ್ ರ‍್ಯಾಕಿನ ರಬ್ಬರ್ ಬೂಟು, ಆಕ್ಸಲ್ ಬೂಟು, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿಕೆ ಒಂದೊಂದಾಗಿ ಟಾರ್ಚ್ ಹಾಕಿ ನೋಡಿ. ಇಂಜಿನ್ ಆಯಿಲ್ ಸಂಪಿನ ತಳಕ್ಕೆ, ಚಾಸಿಯ ಉದ್ದ ಪಟ್ಟಿಗಳಿಗೆ ಕಲ್ಲು ತಾಗಿದ ಗುರುತು ಇರಬಹುದು. ಈ ಗಾಡಿಗಳ ನೆಲದಂತರ ಹೆಚ್ಚೆಂದರೆ 180ರಿಂದ 209 ಮಿ.ಮೀ., ಐದು ಜನ ಕೂತರೆ ಅದೂ ಇಳಿಯುತ್ತದೆ. ಅಲ್ಲೇ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದುಕೊಳ್ಳಿ. ಎಡ-ಬಲದ ಅಂಕಿಗಳು ಹೊಂದಿಸಿದರೂ ಸರಿಬಾರದಿದ್ದರೆ ಒಳಗೆ ಏನೋ ಬಾಗಿದೆ. ಕೆಲವು ನೂರು ರೂಪಾಯಿಗೆ ಇಷ್ಟು ಸತ್ಯ ಬೇರೆಲ್ಲೂ ಸಿಗುವುದಿಲ್ಲ.

ಗಾಡಿ ಯಾವ ಊರಿನದು ಎಂಬುದೂ ತಳದಲ್ಲೇ ಬರೆದಿರುತ್ತದೆ. ಕೆಎ 19, 20, 30, ಅಂದರೆ ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಲ್ಲಿ ಉಪ್ಪುಗಾಳಿಯ ತುಕ್ಕು ಹುಡುಕಿ. ಬ್ರೇಕ್ ಪೈಪು, ಸಸ್ಪೆನ್ಷನ್ ಹಿಡಿದಿರುವ ಜಾಗ, ಸೈಲೆನ್ಸರ್ ಮುಖ್ಯ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ತುಕ್ಕು ಮುಚ್ಚುವ ಪರದೆಯೂ ಆಗಿರಬಹುದು. ಬಳ್ಳಾರಿ, ಸಂಡೂರು ಕಡೆಯದ್ದಾದರೆ ಎಸಿ ಫಿಲ್ಟರ್, ಏರ್ ಫಿಲ್ಟರ್ ತೆಗೆಸಿ ಕೆಂಪು ಧೂಳು ನೋಡಿ. ಮಲೆನಾಡಿನ ಗಾಡಿಯಲ್ಲಿ ಕ್ಲಚ್ಚು, ಬ್ರೇಕಿನ ಜತೆ ಬಾನೆಟ್ ಒಳಗಿನ ವೈರಿಂಗ್ ಕೂಡ ನೋಡಬೇಕು. ಅಡಿಕೆ ಕೊಟ್ಟಿಗೆ ಪಕ್ಕ ನಿಲ್ಲುವ ಗಾಡಿಗೆ ಇಲಿಗಳೇ ಎರಡನೇ ಮಾಲೀಕರು.

ಸ್ಟಾರ್ಟ್ ಮಾಡುವಾಗ

ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮುನ್ನ ಸ್ಟಾರ್ಟ್ ಮಾಡಿಟ್ಟಿದ್ದಾರೆ; ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗುವಾಗಲೇ ರೋಗ ಹೇಳಿಕೊಳ್ಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಅದಕ್ಕಿಂತ ಕೆಟ್ಟದ್ದು, ಯಾರೋ ದೀಪವನ್ನೇ ಅಡಗಿಸಿದ್ದಾರೆ.

ಬಿಎಸ್6 ಡೀಸೆಲ್‌ನಲ್ಲಿ ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಮೇಲಿನ ಗುರುತನ್ನೂ ಮೀರಿದ್ದು ಡೀಸೆಲ್ ವಾಸನೆ ಬರುತ್ತಿದ್ದರೆ, ಡಿಪಿಎಫ್ ಸುಡುವ ಕೆಲಸ ಅರ್ಧಕ್ಕೇ ನಿಂತು ಡೀಸೆಲ್ ಆಯಿಲಿಗೆ ಇಳಿದಿದೆ. ಇದು ಪಕ್ಕಾ ನಗರದ ಗಾಡಿಯ ಲಕ್ಷಣ.

ನೆಕ್ಸಾನ್ ಪೆಟ್ರೋಲ್, ವೆನ್ಯೂ 1.0 ಟರ್ಬೊ, ಎಕ್ಸ್‌ಯುವಿ300 ಪೆಟ್ರೋಲ್, ಮ್ಯಾಗ್ನೈಟ್ ಇವೆಲ್ಲ ಮೂರು ಸಿಲಿಂಡರಿನವು. ನಿಂತಾಗ ಸ್ವಲ್ಪ ನಡುಕ ಅವುಗಳ ಹುಟ್ಟುಗುಣ. ಕನ್ನಡಿ ಅಲ್ಲಾಡುವಷ್ಟು ನಡುಗಿದರೆ ಇಂಜಿನ್ ಮೌಂಟಿಂಗ್ ಹೋಗಿದೆ.

ಓಡಿಸಿ ನೋಡುವ ದಾರಿ ನೀವೇ ಆರಿಸಿ

ಮಾರುವವರು ತೋರಿಸುವ ನುಣುಪು ರಸ್ತೆ ಬೇಡ. ಹಂಪ್‌ಗಳಿರುವ ಗಲ್ಲಿ, ಒಂದು ಏರು, ಖಾಲಿ ಹೆದ್ದಾರಿಯ ತುಂಡು, ಈ ಮೂರೂ ಸಿಗಬೇಕು. ಹಾಡು, ಎಸಿ ಆಫ್ ಮಾಡಿ. ಹಂಪ್ ಮೇಲೆ ನಿಧಾನವಾಗಿ ಹೋಗುವಾಗ ಟಕ್ ಟಕ್ ಎಂದರೆ ಸ್ಟೆಬಿಲೈಸರ್ ಲಿಂಕ್ ಅಥವಾ ಬುಷ್. ಇದು ಸಣ್ಣ ಖರ್ಚು, ಚೌಕಾಸಿಗೆ ಒಳ್ಳೆಯ ಅಸ್ತ್ರ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಸದ್ದು ಬಂದರೆ ಆಕ್ಸಲ್ ಜಾಯಿಂಟ್. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಡಿಸ್ಕ್ ಬಾಗಿದೆ. ಏರಿನಲ್ಲಿ ಮೇಲಿನ ಗೇರ್ ಹಾಕಿ ಆಕ್ಸಿಲರೇಟರ್ ತುಳಿಯಿರಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಆಟೊಮ್ಯಾಟಿಕ್ ಆದರೆ ಯಾವ ಜಾತಿಯದ್ದು ಎಂದು ಮೊದಲು ತಿಳಿಯಿರಿ. ಎಎಂಟಿ (ಮಾಮೂಲಿ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಬಗೆ) ಗೇರ್ ಬದಲಿಸುವಾಗ ತಲೆಯಾಡಿಸುವುದು ಸಹಜ. ವೆನ್ಯೂ ಟರ್ಬೊದ ಡಿಸಿಟಿ (ಎರಡು ಕ್ಲಚ್ಚಿನ ಗೇರ್‌ಬಾಕ್ಸ್) ಡ್ರೈ ಕ್ಲಚ್ಚಿನದು, ಅಂದರೆ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಅದನ್ನು ಟ್ರಾಫಿಕ್‌ನಲ್ಲಿ, ಫ್ಲೈಓವರಿನ ಏರಿನಲ್ಲಿ ತೆವಳಿಸಿ ನೋಡಿ. ಹೊರಡುವಾಗ ನಡುಗಿದರೆ ಅಥವಾ ಬಿಸಿಯಾಯಿತೆಂದು ಸೂಚನೆ ಬಂದರೆ ಕ್ಲಚ್ ಖರ್ಚು ಹತ್ತಿರದಲ್ಲಿದೆ.

ಇಷ್ಟೆಲ್ಲ ದಾಟಿದ ಗಾಡಿಯನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಣ ಕೊಟ್ಟು ಸ್ಕ್ಯಾನ್ ಸಮೇತ ತಪಾಸಣೆ ಮಾಡಿಸಿ. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ.

ದುಡ್ಡು, ಕಾಗದ, ಹೆಸರು ಬದಲಾವಣೆ

ತಪಾಸಣೆಯಲ್ಲಿ ಕಂಡದ್ದನ್ನೆಲ್ಲ ರಿಪೇರಿ ಅಂದಾಜಿನ ಸಮೇತ ಬರೆದಿಟ್ಟುಕೊಂಡು ಚೌಕಾಸಿಗೆ ಕೂರಿ. ನಾಲ್ಕು ಟೈರು, ಬ್ಯಾಟರಿ, ಕ್ಲಚ್ಚು ಎಂದು ಹೆಸರಿಟ್ಟು ಕೇಳಿದರೆ ಬೆಲೆ ಇಳಿಯುತ್ತದೆ. "ಸ್ವಲ್ಪ ನೋಡ್ಕೊಂಡು ಹೇಳಿ ಸಾರ್" ಎಂದರೆ ಐದು ಸಾವಿರ ಇಳಿಸಿ ಚಹಾ ಕುಡಿಸಿ ಕಳಿಸುತ್ತಾರೆ.

ಹಣ ಬ್ಯಾಂಕ್ ಮೂಲಕವೇ ಹೋಗಲಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾಯ್ದೆ ಒಪ್ಪುವುದಿಲ್ಲ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಗೆ ಬರುವವರೆಗೆ ದೊಡ್ಡ ಮೊತ್ತ ಬಿಡಬೇಡಿ. ವರ್ಗಾವಣೆಗೆ ಫಾರಂ 29, 30 ಬೇಕು. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಬ್ರೋಕರ್ ಕೈಗೆ ಕೊಟ್ಟು ಮರೆಯುವ ಹಳೆ ಅಭ್ಯಾಸ ಎರಡೂ ಕಡೆಯವರಿಗೆ ಅಪಾಯ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ಡೀಲರ್ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಹಳೆ ಗಾಡಿ ವ್ಯಾಪಾರಿಗಳಿಗೂ ಆರ್‌ಟಿಒ ಅಧಿಕಾರಪತ್ರದ ನಿಯಮ ಬಂದಿದೆ. ಅದನ್ನು ತೋರಿಸಲು ಕೇಳಿ.

ಗಾಡಿ ಕೈಗೆ ಬಂದ ಗಳಿಗೆಯ ದಿನಾಂಕ ಮತ್ತು ಸಮಯ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ. ಆ ಸಮಯಕ್ಕೆ ಹಿಂದಿನ ದಂಡ ಅವರದು, ಮುಂದಿನದು ನಿಮ್ಮದು. ವಿಮೆಯ ಸ್ವಂತ ಹಾನಿ ಭಾಗವನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಿ. ಇಲ್ಲದಿದ್ದರೆ ಗಾಡಿ ಗುದ್ದಿದಾಗ ಕಂಪನಿ ಕೈ ಎತ್ತುತ್ತದೆ. ನೋ ಕ್ಲೈಮ್ ಬೋನಸ್ ಹಳೆ ಮಾಲೀಕರ ಜತೆ ಹೋಗುವುದರಿಂದ ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗುತ್ತದೆ. ಹಳೆ ಫಾಸ್ಟ್ಯಾಗ್ ಅವರಿಂದಲೇ ಮುಚ್ಚಿಸಿ. ಎರಡನೇ ಕೀ ಕೇಳುವುದನ್ನು ಮರೆಯಬೇಡಿ. ಪುಶ್ ಸ್ಟಾರ್ಟ್ ಗಾಡಿಗೆ ಹೊಸ ಸ್ಮಾರ್ಟ್ ಕೀ ಮಾಡಿಸಲು ಸಾವಿರಗಟ್ಟಲೆ ಆಗುತ್ತದೆ, ಮತ್ತು ಇನ್ನೊಂದು ಕೀ ಯಾರ ಜೇಬಿನಲ್ಲಿದೆ ಎಂದು ಗೊತ್ತಿಲ್ಲದ ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ ನಿದ್ದೆ ಮಾಡುವುದು ಕಷ್ಟ.